ಬಾರದ ಸಾವಿನ ಲೆಕ್ಕ

ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಕಂಡು ನಗುವ ಗಾದೆ ನಮ್ಮಲ್ಲಿದೆ. ಬೆಂಕಿ ಬೀಳುವ ಮೊದಲೇ ಬಾವಿ ತೋಡಿಟ್ಟವನನ್ನು ಕೊಂಡಾಡುವ ಗಾದೆಯನ್ನು ಮಾತ್ರ ನಾನು ಕೇಳಿಲ್ಲ. ಶಾಸನಗಳ ಮಾತೂ ಅಷ್ಟೆ. ತುರು ಕಾಯುತ್ತ ಮಡಿದವನಿಗೆ ವೀರಗಲ್ಲು ಉಂಟು, ಕೆರೆ ಕಟ್ಟಿಸಿದವನಿಗೆ ದಾನಶಾಸನ ಉಂಟು. ಬರಬಹುದಾಗಿದ್ದ ಸಾವನ್ನು ಬಾರದಂತೆ ನೋಡಿಕೊಂಡವನಿಗೆ ಕಲ್ಲಿಲ್ಲ. ಆಗದೆ ಹೋದ ಸಂಗತಿಯನ್ನು ಕೆತ್ತುವುದಾದರೂ ಹೇಗೆ? ಅಂಥ ಕಲ್ಲಿಲ್ಲದ ಚರಿತ್ರೆಯೊಂದು ಒಡಿಶಾದ್ದು. ಅದನ್ನು ಓದಿದಷ್ಟೂ, ಚರಿತ್ರೆಯ ಪುಸ್ತಕಗಳಲ್ಲಿ ದೊರೆಗಳ ದಂಡಯಾತ್ರೆಗೆ ಸಿಕ್ಕುವ ಜಾಗದಲ್ಲಿ ನಾಲ್ಕು ಪುಟ ಇದಕ್ಕೂ ಸಿಕ್ಕಬೇಕಾಗಿತ್ತು ಎಂದು ನನಗೆ ತೋರುತ್ತದೆ.

ಕಥೆ ಆರಂಭವಾಗುವುದು ಒಂದು ಸೋಲಿನಿಂದ. 1865ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಆರಂಭದಲ್ಲಿ, ಹೊರಗಿನಿಂದ ಅಕ್ಕಿ ತರಿಸಬೇಕೆಂಬ ಕೋರಿಕೆ ಕಲ್ಕತ್ತೆಗೆ ಹೋಯಿತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಬೆಲೆ ಏರಿದರೆ ಅಕ್ಕಿ ತಾನಾಗಿಯೇ ಬರುತ್ತದೆ ಎಂಬುದು ಅಂದಿನ ಅಧಿಕಾರಿಗಳ ಸಿದ್ಧಾಂತ. ಅಕ್ಕಿ ಬರಲಿಲ್ಲ. ಕೊನೆಗೆ ಸರ್ಕಾರವೇ ತರಿಸಲು ಮನಸ್ಸು ಮಾಡುವ ಹೊತ್ತಿಗೆ ಮುಂಗಾರು ಬಂದು ಕಡಲು ಕೆರಳಿತ್ತು; ಹಡಗಿನಲ್ಲಿದ್ದ ಅಕ್ಕಿಯನ್ನು ದಡಕ್ಕೆ ಇಳಿಸುವುದೇ ದುಸ್ತರವಾಯಿತು. ಸುಮಾರು 10 ಲಕ್ಷ ಜನ ಸತ್ತರು. ಮೂವರಲ್ಲಿ ಒಬ್ಬರು ಎಂಬುದು ಲೆಕ್ಕ. ಪುರಿಯ ಗಜಪತಿ ಅರಸನ ಒಂಬತ್ತನೆಯ ಆಳಿಕೆಯ ವರ್ಷದಲ್ಲಿ ಬಂದದ್ದರಿಂದ ಅಲ್ಲಿಯವರು ಅದನ್ನು ‘ನ ಅಂಕ’ ಬರ ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನರನ್ನು ನುಂಗಿದ 1876-78ರ ಬರವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಹೆಸರಿನಿಂದ ನೆನೆಯುತ್ತಿದ್ದ ಹಾಗೆಯೇ ಇದು. ಜನರ ನೆನಪು ಹೆಸರಿನಲ್ಲಿ ಉಳಿಯುತ್ತದೆ. ಸರ್ಕಾರದ ನೆನಪು ಉಳಿಯಬೇಕಾದರೆ ನಿಯಮ ಬೇಕು, ಕಚೇರಿ ಬೇಕು. ಈ ಬರಗಳ ನಂತರ, 1880ರ ಕ್ಷಾಮ ಆಯೋಗದ ವರದಿಯಿಂದ ಕ್ಷಾಮಸಂಹಿತೆಗಳು ಹುಟ್ಟಿದುವು.

ಆದರೆ ಬರ ನಡೆದು ಬರುತ್ತದೆ, ಚಂಡಮಾರುತ ಹಾರಿ ಬರುತ್ತದೆ. 1999ರ ಅಕ್ಟೋಬರ್ 29ರಂದು ಪಾರಾದೀಪದ ಬಳಿ ದಡ ಮುಟ್ಟಿದ ಮಹಾ ಚಂಡಮಾರುತದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರು. ಕಡಲು ಎರಡಾಳು ಎತ್ತರಕ್ಕೂ ಮೀರಿ ಎದ್ದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದ ಹಳ್ಳಿಗಳ ಮೇಲೆ ಹಾಯಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಸುಮಾರು 10,000. ಎಚ್ಚರಿಕೆ ಬಂದಿರಲಿಲ್ಲವೆ? ಬಂದಿತ್ತು. ಆದರೆ ‘ಗಾಳಿ ಬರುತ್ತಿದೆ, ಹೊರಡಿ’ ಎಂದರೆ ಮಣ್ಣಿನ ಗೋಡೆಯ ಮನೆಯವನು ಹೊರಡಬೇಕಾದದ್ದು ಎಲ್ಲಿಗೆ? ಇಡೀ ಕರಾವಳಿಯಲ್ಲಿ ರೆಡ್ ಕ್ರಾಸ್ ಕಟ್ಟಿಸಿದ್ದ 23 ಆಶ್ರಯಮಂದಿರಗಳಷ್ಟೆ ಇದ್ದುವು. ಅವು ಸಾವಿರಾರು ಜನರನ್ನು ಉಳಿಸಿದುವು.

ಆ ಪಾಠ ವ್ಯರ್ಥವಾಗಲಿಲ್ಲ. ಎರಡು ತಿಂಗಳು ತುಂಬುವುದರೊಳಗೆ, ಡಿಸೆಂಬರ್ 28ರಂದು, ರಾಜ್ಯ ಸರ್ಕಾರ ವಿಪತ್ತನ್ನು ಎದುರಿಸುವುದಕ್ಕೆಂದೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ದೇಶಕ್ಕೆಲ್ಲ ಅನ್ವಯಿಸುವ ವಿಪತ್ತು ನಿರ್ವಹಣಾ ಕಾಯಿದೆ ಬಂದದ್ದು 2005ರಲ್ಲಿ ಎಂಬುದನ್ನು ನೆನೆದರೆ ಇದರ ಮುಂಗಾಣಿಕೆ ತಿಳಿದೀತು. ತರಬೇತಿ ಪಡೆದ ರಕ್ಷಣಾ ಪಡೆಯೊಂದು ಬಂತು. ಆಶ್ರಯಮಂದಿರಗಳ ಸಂಖ್ಯೆ ಮುಂದಿನ ಎರಡು ದಶಕಗಳಲ್ಲಿ 800ನ್ನು ದಾಟಿತು.

ಈ ಮಂದಿರಗಳಲ್ಲಿಯೇ ಆ ಕೆಲಸದ ಗುಟ್ಟು ಇದೆ. ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಕಟ್ಟಡ. ಉಳಿದ ದಿನಗಳಲ್ಲಿ ಅನೇಕ ಕಡೆ ಅದು ಶಾಲೆ, ಊರಿನ ಸಭೆಯ ಜಾಗ. ಇದರಿಂದ ಎರಡು ಲಾಭ. ಬಳಕೆಯಲ್ಲಿರುವುದರಿಂದ ಕಟ್ಟಡ ಹಾಳು ಬೀಳುವುದಿಲ್ಲ; ದಿನವೂ ಮಕ್ಕಳು ಹತ್ತಿ ಇಳಿಯುವ ಮೆಟ್ಟಿಲನ್ನು ಆಪತ್ತಿನ ರಾತ್ರಿ ಕತ್ತಲೆಯಲ್ಲಿಯೂ ಕಾಲು ತಾನೇ ಹುಡುಕಿಕೊಳ್ಳುತ್ತದೆ. ಊರ ಸಮಿತಿಯೇ ಅದನ್ನು ನೋಡಿಕೊಳ್ಳುತ್ತದೆ. ದನಕರು ಬಿಟ್ಟು, ಕೂಡಿಟ್ಟ ನಾಲ್ಕು ಕಾಸು ಬಿಟ್ಟು ಹೊರಡಲೊಲ್ಲದ ಮುದುಕಿಯನ್ನು ಒಪ್ಪಿಸಬೇಕಾದರೆ ರಾಜಧಾನಿಯ ಸುತ್ತೋಲೆ ಸಾಲದು. ಅವಳು ಹೆಸರು ಹಿಡಿದು ಕರೆಯುವ ಊರ ಹುಡುಗನೇ ಬೇಕು.

ಪರೀಕ್ಷೆ ಬಂದದ್ದು 2013ರ ಅಕ್ಟೋಬರ್ 12ರಂದು, ಫೈಲಿನ್ ಚಂಡಮಾರುತದ ರೂಪದಲ್ಲಿ. ದುರ್ಗಾಪೂಜೆಯ ದಿನಗಳು, ನೌಕರರ ಹಬ್ಬದ ರಜೆ ರದ್ದಾಯಿತು. ಸುಮಾರು 10 ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಒಯ್ದರು. ಸಾವು 50ಕ್ಕೆ ಮುಟ್ಟಲಿಲ್ಲ. 2019ರ ಮೇ 3ರಂದು ಪುರಿಯ ಬಳಿ ಫೋನಿ ಅಪ್ಪಳಿಸಿದಾಗ ಸಾಗಿಸಿದವರು ಸುಮಾರು 12 ಲಕ್ಷ. ಸತ್ತವರು 64 ಮಂದಿ. ಆ 64 ಮನೆಗಳಿಗೆ ಇದು ಸಮಾಧಾನದ ಸಂಖ್ಯೆಯಲ್ಲ. ಮನೆಗಳು ಉರುಳಿದುವು, ತೆಂಗು ನೆಲಕ್ಕೊರಗಿತು, ಅನೇಕ ಕಡೆ ವಾರಗಟ್ಟಲೆ ದೀಪ ಹತ್ತಲಿಲ್ಲ. ಜೀವ ಉಳಿಸಿದ ಮೇಲೆ ಬದುಕು ಉಳಿಸುವ ಕೆಲಸ ಇದ್ದೇ ಇದೆ; ಅದು ಇನ್ನೂ ಕಠಿಣವಾದದ್ದು.

ಇದರ ಕೀರ್ತಿ ಯಾರಿಗೆ? 2000ದಿಂದ 2024ರವರೆಗೆ ಮುಖ್ಯಮಂತ್ರಿಯಾಗಿದ್ದ ನವೀನ್ ಪಟ್ನಾಯಕರು ಒಂದು ಜೀವವೂ ಹೋಗಕೂಡದೆಂಬ ಗುರಿಯನ್ನು ಅಧಿಕಾರಿಗಳ ಮುಂದಿಟ್ಟರು; ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ನಾಯಕತ್ವದ ನಿಜವಾದ ಒರೆಗಲ್ಲು ನಾಯಕ ಹೋದ ಮೇಲೆ ಸಿಕ್ಕುತ್ತದೆ. 2024ರ ಜೂನ್ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರಿನಲ್ಲಿ ದಾನಾ ಚಂಡಮಾರುತ ಬಂತು. ಹೊಸ ಸರ್ಕಾರವೂ ಅದೇ ಗುರಿಯನ್ನು ಸಾರಿತು. ಸುಮಾರು 6 ಲಕ್ಷ ಜನರನ್ನು ಸಾಗಿಸಿತು. ಕೊಡೆ ಹಿಡಿಯುವ ಕೈ ಬದಲಾದರೂ ಕೊಡೆ ಮಡಚಿಕೊಳ್ಳಲಿಲ್ಲ.

ಒಡಿಶಾದಲ್ಲಿ ಅಕ್ಟೋಬರ್ 29ನ್ನು ವಿಪತ್ತು ಸಿದ್ಧತಾ ದಿನವಾಗಿ ಆಚರಿಸುತ್ತಾರೆ. ಸತ್ತವರ ದಿನವನ್ನೇ ಬದುಕಬೇಕಾದವರ ದಿನವಾಗಿಸಿದ್ದಾರೆ. ಕಲ್ಲಿಲ್ಲದ ಚರಿತ್ರೆಗೆ ಅದಕ್ಕಿಂತ ಒಳ್ಳೆಯ ಶಾಸನ ಯಾವುದಿದ್ದೀತು?