ಶಬ್ದಾರ್ಥದಿಂದ ವಾಕ್ಯದವರೆಗೆ: ಇಂಗ್ಲಿಷ್ ನಿಘಂಟು ನಡೆದು ಬಂದ ದಾರಿ



'ಗಿವ್' ಎಂದರೆ ಕೊಡು, 'ಎಕ್ಸ್‌ಪ್ಲೇನ್' ಎಂದರೆ ವಿವರಿಸು. ಇಷ್ಟು ನಿಮಗೆಲ್ಲ ಗೊತ್ತು. 'ಗಿವ್ ಮಿ ದ ಬುಕ್' ಸರಿಯಾದ ವಾಕ್ಯ. ಆದರೆ ಅದೇ ರೀತಿ 'ಎಕ್ಸ್‌ಪ್ಲೇನ್ ಮಿ ದ ಲೆಸನ್' ಎಂದು ಬರೆದರೆ ತಪ್ಪು. 'ಎಕ್ಸ್‌ಪ್ಲೇನ್ ದ ಲೆಸನ್ ಟು ಮಿ' ಎನ್ನಬೇಕು. ಕನ್ನಡದಲ್ಲಿ 'ನನಗೆ ಕೊಡಿ', 'ನನಗೆ ವಿವರಿಸಿ' ಎರಡಕ್ಕೂ 'ನನಗೆ' ಸಾಕು. ಉರ್ದುವಿನಲ್ಲೂ 'ಮುಝೆ ದೀಜಿಯೇ', 'ಮುಝೆ ಸಮಝಾಯಿಯೇ' ಎನ್ನುತ್ತೇವೆ. ಹೀಗಿರುವಾಗ ಅರ್ಥವನ್ನಷ್ಟೇ ಕಂಠಪಾಠ ಮಾಡಿದವರು ವಾಕ್ಯದಲ್ಲಿ ಎಡವುವುದು ಸಹಜ. ಈ ತೊಡಕನ್ನು ಬಿಡಿಸಲು ಶ್ರಮಿಸಿದ ಕೆಲವು ಶಿಕ್ಷಕರ ಇತಿಹಾಸವನ್ನು ತಿಳಿಯೋಣ.

1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಪ್ರಕಟವಾಯಿತು. ಅದರಲ್ಲಿ 40,000ಕ್ಕೂ ಹೆಚ್ಚು ಶಬ್ದಗಳಿದ್ದವು. ಪ್ರಸಿದ್ಧ ಲೇಖಕರ ವಾಕ್ಯಗಳನ್ನು ಉದಾಹರಿಸಿ ಶಬ್ದಗಳ ಬಳಕೆಯನ್ನು ತೋರಿಸಲಾಗಿತ್ತು. ಆದರೆ ಅದು ಇಂಗ್ಲಿಷ್ ಬಲ್ಲವರಿಗಾಗಿ ಇದ್ದ ಗ್ರಂಥ. ಇಂಗ್ಲಿಷನ್ನು ಹೊಸದಾಗಿ ಕಲಿಯುವವರ ಕಷ್ಟವನ್ನು ಅರಿತವರು ಏಷ್ಯಾದ ಶಾಲೆಗಳಲ್ಲಿ ದುಡಿದ ಶಿಕ್ಷಕರು.

ಅವರಲ್ಲಿ ಮೈಕೆಲ್ ವೆಸ್ಟ್ ಪ್ರಮುಖರು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು, ಬಂಗಾಳದ ದ್ವಿಭಾಷಾ ಸಮಸ್ಯೆಯ ಬಗ್ಗೆ 1926ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅನೇಕ ಮಕ್ಕಳು ಅರ್ಧದಲ್ಲೇ ಶಾಲೆ ಬಿಡುತ್ತಾರೆ. ಬಿಡುವ ದಿನದವರೆಗೆ ಕಲಿತದ್ದಾದರೂ ಅವರ ಬದುಕಿಗೆ ಉಪಯೋಗವಾಗಬೇಕಲ್ಲವೇ? ಇದು ಅವರ ಚಿಂತೆಯಾಗಿತ್ತು. ಆದ್ದರಿಂದ ಹೆಚ್ಚು ಬಳಕೆಯಲ್ಲಿರುವ ಶಬ್ದಗಳನ್ನೇ ಮೊದಲು ಕಲಿಸಬೇಕು, ಅವು ಪಾಠದಲ್ಲಿ ಮತ್ತೆ ಮತ್ತೆ ಬರಬೇಕು ಎಂದರು. 1935ರಲ್ಲಿ ಎಂಡಿಕಾಟ್ ಅವರೊಂದಿಗೆ ಅವರು ತಂದ ನಿಘಂಟಿನಲ್ಲಿ ಸುಮಾರು 24,000 ಶಬ್ದ ಹಾಗೂ ನುಡಿಗಟ್ಟುಗಳಿಗೆ ಕೇವಲ 1,490 ಸರಳ ಶಬ್ದಗಳಲ್ಲಿ ಅರ್ಥ ಹೇಳಲಾಗಿತ್ತು. 1953ರಲ್ಲಿ ಅವರು ಪ್ರಕಟಿಸಿದ ಸುಮಾರು 2,000 ಶಬ್ದಗಳ ಪಟ್ಟಿ ಇಂಗ್ಲಿಷ್ ಪಠ್ಯಪುಸ್ತಕ ರಚಿಸುವವರಿಗೆ ದಾರಿದೀಪವಾಯಿತು.

ಅತ್ತ ಜಪಾನಿನಲ್ಲಿ ಹೆರಾಲ್ಡ್ ಪಾಮರ್ 1923ರಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. 1924ರಿಂದ ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಮುಂದೆ ಅವರ ಕಾರ್ಯದಲ್ಲಿ ಕೈಜೋಡಿಸಿದರು. ಹಾರ್ನ್‌ಬಿ ಮತ್ತು ಇಬ್ಬರು ಸಹಶಿಕ್ಷಕರು ಸೇರಿ ರಚಿಸಿದ ನಿಘಂಟು ಮಹಾಯುದ್ಧದ ನಡುವೆಯೇ, 1942ರಲ್ಲಿ, ಟೋಕಿಯೋದಲ್ಲಿ ಅಚ್ಚಾಯಿತು. ಅದರಲ್ಲಿ ಕ್ರಿಯಾಪದಗಳ ಬಳಕೆಯನ್ನು 25 ಮಾದರಿಗಳಾಗಿ ವಿಂಗಡಿಸಲಾಗಿತ್ತು. 'ಗಿವ್' ಎಂಬುದಕ್ಕೆ ಒಪ್ಪುವ ಮಾದರಿ 'ಎಕ್ಸ್‌ಪ್ಲೇನ್' ಎಂಬುದಕ್ಕೆ ಏಕೆ ಒಪ್ಪದು ಎಂದು ವಿದ್ಯಾರ್ಥಿ ತಾನೇ ನೋಡಿ ತಿಳಿಯಬಹುದಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅದನ್ನು ಮರುಮುದ್ರಿಸಿತು. ಇಂದು ಲೋಕಪ್ರಸಿದ್ಧವಾಗಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಇದೇ.

1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ಸಂಗ್ರಹಿಸಿದ ನಿಜವಾದ ಬಳಕೆಯನ್ನು ಆಧರಿಸಿದ ಅವರ ಕೋಬಿಲ್ಡ್ ನಿಘಂಟು ಶಬ್ದದ ಅರ್ಥವನ್ನೇ ಪೂರ್ಣ ವಾಕ್ಯದಲ್ಲಿ ಹೇಳಿತು.

ವಿದ್ಯಾರ್ಥಿ ಮಿತ್ರರೇ, ಈ ಇತಿಹಾಸದ ಪಾಠ ಸ್ಪಷ್ಟವಾಗಿದೆ. ನೂರು ಶಬ್ದಗಳ ಅರ್ಥ ಬರೆದು ಪರೀಕ್ಷೆಯಲ್ಲಿ ಅಂಕ ಗಳಿಸಿದರೂ, ಸಂದರ್ಶನದಲ್ಲಿ ಒಂದು ವಾಕ್ಯ ಬಾರದೆ ತಲೆತಗ್ಗಿಸಿದರೆ ಆ ಶ್ರಮವೆಲ್ಲ ವ್ಯರ್ಥ. ದಿನಕ್ಕೆ ಐದೇ ಶಬ್ದಗಳನ್ನು ಕಲಿಯಿರಿ. ಅರ್ಥದ ಜೊತೆಗೆ ನಿಘಂಟಿನ ಉದಾಹರಣೆ ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅದರ ಕೆಳಗೆ ನಿಮ್ಮ ಮನೆ, ನಿಮ್ಮ ಊರು, ನಿಮ್ಮ ಕೆಲಸದ ಬಗ್ಗೆ ಸ್ವಂತ ವಾಕ್ಯವೊಂದನ್ನು ರಚಿಸಿ ಶಿಕ್ಷಕರಿಗೆ ತೋರಿಸಿರಿ. ಹೀಗೆ ಕಲಿತ ಶಬ್ದ ಬೇಕಾದಾಗ ನಿಮ್ಮ ನಾಲಿಗೆಗೆ ಬರುತ್ತದೆ.