ಗಾಯಗೊಂಡ ಪಾದಚಾರಿಗಳ ಕಾನೂನುಬದ್ಧ ಹಕ್ಕುಗಳು ಮತ್ತು ಪರಿಹಾರ: ಸಾರ್ವಜನಿಕರಿಗೆ ಮಾಹಿತಿ

ಮೋಟಾರು ವಾಹನ ಡಿಕ್ಕಿಯಿಂದ ಗಾಯಗೊಂಡ ಪಾದಚಾರಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಅಡಿಯಲ್ಲಿ ಪರಿಹಾರ ಕೋರುವ ಹಕ್ಕಿರುತ್ತದೆ. ಈ ವಿಷಯವನ್ನು ಅರಿಯದೆ, ಅಪಘಾತ ನಡೆದ ಸ್ಥಳದಲ್ಲಿಯೇ ಅಲ್ಪ ಮೊತ್ತ ಪಡೆದು ರಾಜಿಯಾಗುವುದರಿಂದ ಗಾಯಾಳುವಿನ ಕುಟುಂಬವು ಮುಂದೆ ತೀವ್ರ ಸಂಕಷ್ಟಕ್ಕೆ ಒಳಗಾಗುವ ಸಂಭವವಿರುತ್ತದೆ. ಆದ್ದರಿಂದ ಕರ್ನಾಟಕದ ಸಾರ್ವಜನಿಕರ ತಿಳಿವಳಿಕೆಗಾಗಿ ಮುಖ್ಯ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

1. ಚಿಕಿತ್ಸೆಯ ಹಕ್ಕು

ಪೊಲೀಸ್ ವಿಧಿವಿಧಾನ ಪೂರ್ಣಗೊಂಡಿಲ್ಲವೆಂಬ ಕಾರಣದಿಂದ ಸರ್ಕಾರಿ ಅಥವಾ ಖಾಸಗಿ ವೈದ್ಯರು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿದೆ. ಕೇಂದ್ರ ಸರ್ಕಾರವು ಮೇ 2025ರಲ್ಲಿ ಜಾರಿಗೊಳಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಅಪಘಾತದ ದಿನಾಂಕದಿಂದ 7 ದಿನಗಳವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ರೂ. 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ. ತುರ್ತು ನೆರವಿಗಾಗಿ 112ಕ್ಕೆ ಕರೆ ಮಾಡಬಹುದು. ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇರುವುದರಿಂದ ನೆರವಾಗಲು ಯಾರೂ ಹಿಂಜರಿಯಬೇಕಾಗಿಲ್ಲ.

2. ಪೊಲೀಸ್ ಠಾಣೆಗೆ ಮಾಹಿತಿ

ಅಪಘಾತದ ಬಗ್ಗೆ ವಿಳಂಬವಿಲ್ಲದೆ ದೂರು ನೀಡಿ ಪ್ರಥಮ ವರ್ತಮಾನ ವರದಿಯ ಪ್ರತಿ ಪಡೆಯತಕ್ಕದ್ದು. ವಾಹನದ ನೋಂದಣಿ ಸಂಖ್ಯೆ ಹಾಗೂ ಕಣ್ಣಾರೆ ಕಂಡವರ ವಿವರಗಳನ್ನು ಗುರುತು ಹಾಕಿಕೊಳ್ಳುವುದು ಸೂಕ್ತ. ಕಲಂ 159ರ ಪ್ರಕಾರ ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಾಧಿಕರಣಕ್ಕೆ ಸಲ್ಲಿಸಬೇಕಾಗಿರುತ್ತದೆ.

3. ಪರಿಹಾರದ ಮಾರ್ಗಗಳು

(ಅ) ಕಲಂ 166: ಚಾಲಕನ ನಿರ್ಲಕ್ಷ್ಯವನ್ನು ರುಜುವಾತುಪಡಿಸಿ, ಉಂಟಾದ ನಷ್ಟಕ್ಕೆ ಅನುಗುಣವಾಗಿ ಪರಿಹಾರ ಪಡೆಯುವುದು. ಪಾದಚಾರಿಯ ತಪ್ಪೂ ಭಾಗಶಃ ಕಾರಣವೆಂದು ಕಂಡುಬಂದಲ್ಲಿ ಆ ಪ್ರಮಾಣದಲ್ಲಿ ಮೊತ್ತವನ್ನು ಕಡಿತಗೊಳಿಸಲಾಗುವುದು.

(ಆ) ಕಲಂ 164: ಯಾರ ತಪ್ಪೆಂದು ರುಜುವಾತುಪಡಿಸುವ ಅಗತ್ಯವಿಲ್ಲ. ತೀವ್ರ ಗಾಯಕ್ಕೆ ರೂ. 2.5 ಲಕ್ಷ ಮತ್ತು ಮರಣಕ್ಕೆ ರೂ. 5 ಲಕ್ಷ ನಿಗದಿಯಾಗಿದೆ. ವಿಮಾ ಕಂಪನಿಯೊಂದಿಗಿನ ಇತ್ಯರ್ಥದಲ್ಲಿ ಈ ಮೊತ್ತವನ್ನು ಸ್ವೀಕರಿಸಿದರೆ ನ್ಯಾಯಾಧಿಕರಣದಲ್ಲಿರುವ ಅರ್ಜಿ ರದ್ದಾಗುತ್ತದೆ. ಆದಕಾರಣ ಸಹಿ ಮಾಡುವ ಮುನ್ನ ಯೋಚಿಸತಕ್ಕದ್ದು.

(ಇ) ಕಲಂ 161: ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದಲ್ಲಿ ತೀವ್ರ ಗಾಯಕ್ಕೆ ರೂ. 50,000 ಮತ್ತು ಮರಣಕ್ಕೆ ರೂ. 2 ಲಕ್ಷ ದೊರೆಯುತ್ತದೆ. 2022ರ ಏಪ್ರಿಲ್ 1ಕ್ಕೆ ಮೊದಲು ಈ ಮೊತ್ತಗಳು ಕ್ರಮವಾಗಿ ರೂ. 12,500 ಮತ್ತು ರೂ. 25,000 ಆಗಿದ್ದವು. ಅಪಘಾತ ನಡೆದ ತಾಲ್ಲೂಕಿನ ಅಥವಾ ಉಪವಿಭಾಗದ ವಿಚಾರಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು.

4. ಪರಿಹಾರದ ಲೆಕ್ಕ

ಚಿಕಿತ್ಸಾ ವೆಚ್ಚ, ನೋವು ಮತ್ತು ಯಾತನೆ, ಚಿಕಿತ್ಸಾ ಅವಧಿಯಲ್ಲಿ ಕಳೆದುಕೊಂಡ ದುಡಿಮೆ, ಭವಿಷ್ಯದ ಗಳಿಕೆಯ ನಷ್ಟ ಮುಂತಾದ ಬಾಬುಗಳನ್ನು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ತಲೆಹೊರೆಯಲ್ಲಿ ಸೊಪ್ಪು ಮಾರಿ ತಿಂಗಳಿಗೆ ರೂ. 15,000 ಗಳಿಸುವ 38 ವರ್ಷದ ಮಹಿಳೆಯು ಕಾಲಿನ ಗಾಯದಿಂದ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 20ರಷ್ಟನ್ನು ಶಾಶ್ವತವಾಗಿ ಕಳೆದುಕೊಂಡಿದ್ದಾರೆಂದು ಭಾವಿಸೋಣ. ವಾರ್ಷಿಕ ಆದಾಯ ರೂ. 1,80,000, ಅದರ ಶೇ. 20 ಎಂದರೆ ರೂ. 36,000. ಆ ವಯಸ್ಸಿಗೆ ಅನ್ವಯಿಸುವ ಗುಣಕ 15 ಆಗಿರುವುದರಿಂದ ಈ ಒಂದು ಬಾಬಿನಲ್ಲಿಯೇ ರೂ. 5,40,000 ಆಗುತ್ತದೆ. ಭವಿಷ್ಯದ ಆದಾಯ ವೃದ್ಧಿಯನ್ನು ಸೇರಿಸಿದಲ್ಲಿ ಮೊತ್ತ ಇನ್ನೂ ಹೆಚ್ಚಾಗುತ್ತದೆ. ರಸ್ತೆಬದಿಯಲ್ಲಿ ಕೆಲವು ಸಾವಿರ ರೂಪಾಯಿಗಳಿಗೆ ರಾಜಿಯಾದವರು ಏನನ್ನು ಬಿಟ್ಟುಕೊಡುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಅರ್ಜಿ ಸಲ್ಲಿಕೆ ಮತ್ತು ಕಾಲಮಿತಿ

ಕಲಂ 166ರ ಅರ್ಜಿಯನ್ನು ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸಸ್ಥಳ ಅಥವಾ ಪ್ರತಿವಾದಿಯ ವಾಸಸ್ಥಳದ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ ಸಲ್ಲಿಸಬಹುದು. ಬೆಂಗಳೂರು ನಗರದಲ್ಲಿ ಇಂತಹ ಅರ್ಜಿಗಳನ್ನು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ವಿಚಾರಣೆ ಮಾಡಲಾಗುತ್ತದೆ. 2019ರ ತಿದ್ದುಪಡಿಯ ಮೇರೆಗೆ ಅಪಘಾತದ ದಿನಾಂಕದಿಂದ 6 ತಿಂಗಳ ಕಾಲಮಿತಿ ವಿಧಿಸಲಾಗಿದ್ದು, ಅದರ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದೆ. ಅವಧಿಯೊಳಗೆ ಸಲ್ಲಿಸುವುದೇ ಕ್ಷೇಮ. ಆದರೂ ಅವಧಿ ಮೀರಿತೆಂದು ತಾವಾಗಿಯೇ ಹಕ್ಕನ್ನು ಕೈಬಿಡದೆ ಕಾನೂನು ಸಲಹೆ ಪಡೆಯತಕ್ಕದ್ದು. ನ್ಯಾಯಾಧಿಕರಣದ ತೀರ್ಪಿನ ವಿರುದ್ಧ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

6. ಕಾಪಾಡಿಟ್ಟುಕೊಳ್ಳಬೇಕಾದ ದಾಖಲೆಗಳು

- ಪ್ರಥಮ ವರ್ತಮಾನ ವರದಿ ಮತ್ತು ದೋಷಾರೋಪಣಾ ಪಟ್ಟಿಯ ಪ್ರತಿ
- ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಡುಗಡೆ ಪತ್ರ, ಎಕ್ಸ್-ರೇ ಮತ್ತು ಔಷಧಿ ಬಿಲ್ಲುಗಳು
- ಅಂಗವೈಕಲ್ಯ ಉಂಟಾಗಿದ್ದಲ್ಲಿ ವೈದ್ಯರ ಪ್ರಮಾಣಪತ್ರ
- ವಯಸ್ಸು, ಉದ್ಯೋಗ ಮತ್ತು ಆದಾಯದ ಪುರಾವೆ
- ಗುರುತಿನ ಚೀಟಿ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ

7. ಉಚಿತ ಕಾನೂನು ನೆರವು

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಆಯಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು. ಮಧ್ಯವರ್ತಿಗಳ ಮಾತು ನಂಬಿ ಖಾಲಿ ಕಾಗದಗಳಿಗೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.