ಇಸ್ರೇಲಿ ಚಲನಚಿತ್ರಗಳಲ್ಲಿ ವೃದ್ಧಾಪ್ಯ ಮತ್ತು ಭ್ರಮನಿರಸನ

ವೃದ್ಧಾಪ್ಯ ಮತ್ತು ಅದರೊಡನೆ ಬರುವ ಭ್ರಮನಿರಸನವು ಇಸ್ರೇಲಿ ಚಲನಚಿತ್ರಗಳ ಗಮನಾರ್ಹ ವಸ್ತುಗಳಲ್ಲೊಂದು. ಯೌವನವನ್ನೇ ಆದರ್ಶವೆಂದು ಭಾವಿಸಿದ ಸಮಾಜವು ತನ್ನ ಹಿರಿಯರಿಗೆ ನೀಡಿದ ಭರವಸೆಗಳೇನಾದವು ಎಂಬ ಪ್ರಶ್ನೆಯನ್ನು ಈ ಚಿತ್ರಗಳು ಎತ್ತುತ್ತವೆ.

ಹಿನ್ನೆಲೆ

1948ರಲ್ಲಿ ಸ್ಥಾಪನೆಯಾದ ಇಸ್ರೇಲಿನ ಆರಂಭಕಾಲದ ಚಿತ್ರಗಳಲ್ಲಿ ನೆಲ ಉಳುವ, ಯುದ್ಧ ಮಾಡುವ ತರುಣರೇ ನಾಯಕರಾಗಿದ್ದರು. ಥೊರಾಲ್ಡ್ ಡಿಕಿನ್ಸನ್ ನಿರ್ದೇಶಿಸಿದ 'ಹಿಲ್ 24 ಡಸಂಟ್ ಆನ್ಸರ್' (1955) ಗುಡ್ಡವೊಂದನ್ನು ಕಾಯುತ್ತ ಮಡಿದ ನಾಲ್ವರು ಯುವಜನರ ಕಥೆ. ಡಾನ್ ವೋಲ್ಮನ್ ಅವರ 'ಫ್ಲೋಖ್' (1972) ಇದಕ್ಕೆ ತೀರ ಭಿನ್ನವಾದುದು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ಮುದುಕನೊಬ್ಬ ವಂಶೋದ್ಧಾರಕ್ಕಾಗಿ ಹೆಂಡತಿಯನ್ನು ತೊರೆದು ಮರುಮದುವೆಗೆ ಹವಣಿಸುವುದು ಇದರ ವಸ್ತು. ಚಿತ್ರಕಥೆಯಲ್ಲಿ ನಾಟಕಕಾರ ಹನೋಖ್ ಲೆವಿನ್ ಅವರ ಪಾಲಿದೆ. ಮುದುಕನ ಪಾತ್ರವನ್ನು ಕವಿ, ನಟ ಅವ್ರಹಾಮ್ ಹಲ್ಫಿ ನಿರ್ವಹಿಸಿದ್ದಾರೆ.

ಪ್ರಮುಖ ಚಿತ್ರಗಳು

ಫುಟ್‌ನೋಟ್ (2011): ನಿರ್ದೇಶನ ಜೋಸೆಫ್ ಸೀಡರ್. ತಾಲ್ಮುದ್ ವಿದ್ವಾಂಸ ಎಲಿಯೇಜರ್ ದಶಕಗಳ ಕಾಲ ನಡೆಸಿದ ಸಂಶೋಧನೆಗೆ ಮನ್ನಣೆ ದೊರೆತಿರುವುದಿಲ್ಲ. ಅದೇ ಕ್ಷೇತ್ರದಲ್ಲಿ ಹೆಸರು ಮಾಡಿದ ಮಗನಿಗೆ ಸಂದ ಇಸ್ರೇಲ್ ಪ್ರಶಸ್ತಿಯ ಸುದ್ದಿ ಪ್ರಮಾದದಿಂದ ತಂದೆಗೆ ತಲುಪುತ್ತದೆ. ಮಗ ಸತ್ಯವನ್ನು ಮುಚ್ಚಿಡುತ್ತಾನೆ. ಆದರೆ ಪ್ರಶಸ್ತಿಪತ್ರದ ಪದಬಳಕೆಯಿಂದಲೇ ತಂದೆ ಅದನ್ನು ಊಹಿಸುತ್ತಾನೆ. ಕಾನ್ ಚಿತ್ರೋತ್ಸವದಲ್ಲಿ ಇದು ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ ಪಡೆಯಿತು.

ದ ಫೇರ್‌ವೆಲ್ ಪಾರ್ಟಿ (2014): ನಿರ್ದೇಶನ ಶರೋನ್ ಮೈಮೋನ್ ಮತ್ತು ತಾಲ್ ಗ್ರಾನಿಟ್. ಹೀಬ್ರೂ ಹೆಸರು 'ಮಿತಾ ತೋವಾ', ಅಂದರೆ ಒಳ್ಳೆಯ ಸಾವು. ಜೆರುಸಲೇಮಿನ ವೃದ್ಧರ ವಸತಿಗೃಹದ ನಿವಾಸಿ ಯೆಹೆಜ್ಕೇಲ್, ನರಳುತ್ತಿರುವ ಗೆಳೆಯನಿಗಾಗಿ ದಯಾಮರಣದ ಯಂತ್ರವೊಂದನ್ನು ಗುಟ್ಟಾಗಿ ರೂಪಿಸುತ್ತಾನೆ. ಸುದ್ದಿ ಹಬ್ಬಿ ಇತರರೂ ಅವನ ನೆರವು ಕೋರುತ್ತಾರೆ. ಅತ್ತ ಅವನ ಪತ್ನಿ ಲೆವಾನಾಳ ನೆನಪು ಕುಂದುತ್ತಿರುತ್ತದೆ. ಸಕ್ರಿಯ ದಯಾಮರಣವು ಇಸ್ರೇಲಿನಲ್ಲಿ ಕಾನೂನುಬಾಹಿರ. 1970ರ ದಶಕದ ಜನಪ್ರಿಯ ಹಾಸ್ಯನಟ ಜೆಯೆವ್ ರೆವಾಖ್ ನಾಯಕನಾಗಿ ನಟಿಸಿದ್ದಾರೆ.

ಗೋಲ್ಡನ್ ವಾಯ್ಸಸ್ (2019): ನಿರ್ದೇಶನ ಎವ್ಗೆನಿ ರುಮಾನ್. ಸೋವಿಯತ್ ಒಕ್ಕೂಟದಲ್ಲಿ ಕಂಠದಾನ ಕಲಾವಿದರಾಗಿ ಖ್ಯಾತರಾಗಿದ್ದ ವಿಕ್ಟರ್ ಮತ್ತು ರಾಯಾ ದಂಪತಿ 1990ರಲ್ಲಿ ಇಸ್ರೇಲಿಗೆ ವಲಸೆ ಬರುತ್ತಾರೆ. ಅಲ್ಲಿ ಅವರ ರಷ್ಯನ್ ಕಂಠಗಳಿಗೆ ಬೇಡಿಕೆಯಿಲ್ಲ. ವಿಕ್ಟರ್ ಕಳ್ಳನಕಲು ಚಿತ್ರಗಳಿಗೆ ದನಿ ನೀಡುತ್ತಾನೆ. ಅರುವತ್ತು ದಾಟಿದ ರಾಯಾ, ತರುಣಿಯಂತೆ ದನಿ ಬದಲಿಸಿ ದೂರವಾಣಿಯಲ್ಲಿ ಪುರುಷರೊಡನೆ ಶೃಂಗಾರ ಸಂಭಾಷಣೆ ನಡೆಸುತ್ತಾಳೆ.

ಸಾಮಾನ್ಯ ಲಕ್ಷಣಗಳು

ಈ ಮೂರೂ ಚಿತ್ರಗಳಲ್ಲಿ ವಿಷಾದದೊಡನೆ ಹಾಸ್ಯ ಬೆರೆತಿದೆ. ವಿದ್ವಾಂಸನಿಗೆ ಮನ್ನಣೆ, ರೋಗಿಗೆ ನೆಮ್ಮದಿಯ ಸಾವು, ವಲಸಿಗರಿಗೆ ಕಲಿತ ಕಸುಬು ಸಹಜವಾಗಿ ದಕ್ಕುವುದಿಲ್ಲ. ಆದ್ದರಿಂದ ಹಿರಿಯರೂ ಅವರ ಆಪ್ತರೂ ಒಂದಲ್ಲ ಒಂದು ಗುಟ್ಟನ್ನೋ ಸುಳ್ಳನ್ನೋ ಆಶ್ರಯಿಸಬೇಕಾಗುತ್ತದೆ.